ಕಡಲ ಬದಿಯ ಮನೆ: ಚೌತಿಯೊಳಗೆ ಎದುರುಗಡೆ ಚಂದ ಮಾಡಲು ಏನು ಮಾಡಬಹುದು?

ಗಂಗಾವಳಿ ತೀರ

ಎಲ್ಲರಿಗೂ ನಮಸ್ಕಾರ. ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ ನಮ್ಮ ಮನೆ. ಅಜ್ಜ ಕಟ್ಟಿಸಿದ್ದು. ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಂಚಿನ ಮಾಡು, ಮುಂದೆ ಉದ್ದದ ಜಗಲಿ. ಅಪ್ಪನ ಕಾಲದಲ್ಲಿ ಮುಂದಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಜಗಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿದರು. ಈಗ ಆಯಿ (ಅಮ್ಮ) ಒಬ್ಬರೇ ಇರುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ, ರಜೆ ಸಿಕ್ಕಾಗ ಬರುತ್ತೇನೆ.

ರಸ್ತೆಯಿಂದ ನೋಡಿದರೆ ಮನೆ ಪಾಳುಬಿದ್ದ ಹಾಗೆ ಕಾಣುತ್ತದೆ. ಗೋಡೆ ಮೇಲೆ ಹಸಿರು ಪಾಚಿ, ಕೆಳಗೆ ಬಣ್ಣ ಉಬ್ಬಿ ಉದುರಿದೆ. ಗ್ರಿಲ್ ತುಕ್ಕು ಹಿಡಿದು ಗೋಡೆ ಮೇಲೂ ಕಂದು ಕಲೆ ಇಳಿದಿದೆ. ಪಾಗಾರ, ಅಂದರೆ ಕಾಂಪೌಂಡ್ ಗೋಡೆ, ಕಪ್ಪಾಗಿದೆ. ಚೌತಿಗೆ ಮುಂಬೈ, ಗೋವಾದಿಂದ ಎಲ್ಲರೂ ಬರುತ್ತಾರೆ. ಅಷ್ಟರೊಳಗೆ ಎದುರುಗಡೆ ಸರಿ ಮಾಡಬೇಕು ಅಂತ ಆಯಿಗೆ ಆಸೆ.

ಒಬ್ಬ ಗುತ್ತಿಗೆದಾರರನ್ನು ಕೇಳಿದೆ. ಮುಂದಿನ ಗೋಡೆಗೆ ಕಲ್ಲಿನ ಕ್ಲಾಡಿಂಗ್ (ಹೊರಗಿನಿಂದ ಕಲ್ಲಿನ ಬಿಲ್ಲೆ ಅಂಟಿಸುವುದು), ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ, ಹಂಚು ತೆಗೆದು ನೀಲಿ ಶೀಟು, ಹೊಸ ಗೇಟು ಅಂದರು. ಮಳೆ ಸ್ವಲ್ಪ ಬಿಟ್ಟಾಗ ಬಣ್ಣ ಮುಗಿಸಿಬಿಡೋಣ ಅಂತಲೂ ಹೇಳಿದರು. ನನ್ನ ಹತ್ತಿರ ಒಂದೂವರೆ ಲಕ್ಷ ಇದೆ. ಯಾವುದು ಮೊದಲು ಮಾಡಲಿ?

ಕಾಳಿ ದಂಡೆ

ತಮ್ಮಾ, ಮೊದಲು ಒಂದು ಮಾತು. ಹೊರಗಿನ ಬಣ್ಣ ಈಗ ಬೇಡವೇ ಬೇಡ. ಕಾರವಾರದಲ್ಲಿ ನಮ್ಮದು ಬಣ್ಣದ ಕೆಲಸ, ಅಪ್ಪನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ. ಚೌತಿ ಹತ್ತಿರ ಬಂದಾಗ ಪ್ರತಿ ವರ್ಷ ಇಂಥ ಫೋನ್ ಬರುತ್ತವೆ. ಮನೆ ಒಳಗೆ ಮಾಡಿಕೊಡುತ್ತೇವೆ, ಹೊರಗೆ ಆಗುವುದಿಲ್ಲ ಅಂತ ನೇರವಾಗಿ ಹೇಳುತ್ತೇವೆ.

ಎರಡು ದಿನ ಬಿಸಿಲು ಬಿದ್ದರೆ ಗೋಡೆ ಮೇಲ್ಮೈ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಚಿರೆಕಲ್ಲು ನೀರು ಕುಡಿದುಕೊಂಡೇ ಇರುತ್ತದೆ. ಅದರ ಮೇಲೆ ಎಮಲ್ಷನ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಹುಡುಕುತ್ತದೆ. ಆಗ ಬಣ್ಣ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ. ಕಂಪನಿ ಯಾವುದಾದರೂ ಇರಲಿ, ಎಷ್ಟು ದುಬಾರಿ ಡಬ್ಬಿಯಾದರೂ ಇರಲಿ, ಕತೆ ಇದೇ.

ನಮ್ಮ ಕಡಲ ಬದಿಗೆ ಹೊರಗಿನ ಬಣ್ಣಕ್ಕೆ ಒಳ್ಳೆ ಕಾಲ ಅಂದರೆ ಡಿಸೆಂಬರ್‌ನಿಂದ ಮಾರ್ಚ್. ದೀಪಾವಳಿಗೂ ಗೋಡೆ ಪೂರ್ತಿ ಒಣಗಿರುವುದಿಲ್ಲ. ಮೇ ತಿಂಗಳಿಗೆ ತಳ್ಳಿದರೆ ಅಡ್ಡಮಳೆಯ, ಅಂದರೆ ಮಳೆಗಾಲಕ್ಕೆ ಮೊದಲೇ ಬರುವ ಮಳೆಯ ಭಯ. ಹೊಸ ಪ್ಲಾಸ್ಟರ್ ಮಾಡಿದ ಕಡೆ ಕನಿಷ್ಠ 28 ದಿನ ಬಿಟ್ಟು, ಆಮೇಲೆ ಪ್ರೈಮರ್ ಒಂದು ಕೋಟು, ಬಣ್ಣ ಎರಡು ಕೋಟು.

ಘಟ್ಟದ ಮೇಲೆ

ನಾನು ಶಿರಸಿಯವಳು. ತವರುಮನೆ ಕುಮಟಾ, ಹಾಗಾಗಿ ಎರಡೂ ಕಡೆಯ ಮಳೆ ಗೊತ್ತು. ಕಾಳಿ ದಂಡೆ ಅಣ್ಣ ಹೇಳಿದ್ದು ಸರಿ. ಆದರೆ ಮಳೆಗಾಲದಲ್ಲಿ ಸುಮ್ನೆ ಕೂರಬೇಕು ಅಂತಲ್ಲ. ಮನೆಗೆ ಏನು ಬೇಕು ಅಂತ ಗೊತ್ತಾಗುವುದು ಈಗಲೇ. ಬೇಸಿಗೆಯಲ್ಲಿ ಎಲ್ಲಾ ಗೋಡೆಯೂ ಒಂದೇ ಥರ ಕಾಣುತ್ತದೆ.

ಜೋರು ಮಳೆ ಬರುವಾಗ ಜಗಲಿ ಮೇಲೆ ಕುಳಿತು ನೀರನ್ನೇ ನೋಡಿ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಎಷ್ಟು ಎತ್ತರ ಸಿಡಿಯುತ್ತದೆ? ಗಾಳಿಗೆ ಎರಚಲು ಯಾವ ಗೋಡೆಗೆ ಹೊಡೆಯುತ್ತದೆ? ಅಂಗಳದ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ? ಒಂದು ಹಾಳೆಯಲ್ಲಿ ಮನೆಯ ಗೆರೆ ಎಳೆದು ಅದರ ಮೇಲೆ ಗುರುತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಗೌಂಡಿ ಬಂದಾಗ ಆ ಹಾಳೆ ಕೊಡಿ.

ಹಳೇ ಮನೆಗಳಲ್ಲಿ ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಂಪು ಪಟ್ಟಿ ಬಳಿಯುತ್ತಿದ್ದರು, ನೆನಪಿದೆಯಾ? ಮೇಲೆ ಸುಣ್ಣ ಅಥವಾ ಶೇಡಿಯ (ಬಿಳಿ ಮಣ್ಣಿನ) ಬಿಳಿ, ಕೆಳಗೆ ಕೆಮ್ಮಣ್ಣು. ಚಂದಕ್ಕೂ ಹೌದು. ಆದರೆ ನಮ್ಮ ಮಣ್ಣು ಕೆಂಪು, ಸೂರಿನ ನೀರು ಸಿಡಿದಾಗ ಗೋಡೆಗೆ ಅಂಟುವುದೂ ಅದೇ ಕೆಂಪು. ಪಟ್ಟಿ ಇದ್ದರೆ ಆ ಕೊಳೆ ಎದ್ದು ಕಾಣುವುದಿಲ್ಲ. ನೀವು ಬಣ್ಣ ಆರಿಸುವಾಗ ಬುಡದಲ್ಲಿ ಎರಡಡಿ ಕಾವಿ ಕೆಂಪು ಬಿಡಿ. ಬುಡದವರೆಗೂ ಬಿಳಿ ಬಳಿದ ಮನೆಗಳು ಮೊದಲ ಮಳೆಗೇ ಹಳತಾಗುತ್ತವೆ.

ಗಂಗಾವಳಿ ತೀರ

ಅಕ್ಕಾ, ನೀವು ಹೇಳಿದ ಹಾಗೆ ಈ ವಾರ ಮನೆಗೆ ಹೋದಾಗ ನೋಡಿದೆ. ಆಯಿಯೂ ಪಕ್ಕದಲ್ಲಿ ಕುಳಿತು ತೋರಿಸಿದರು.

ಎಡಮೂಲೆಯಲ್ಲಿ ಎರಡು ಮಾಡು ಕೂಡುವ ಕಡೆ ನೀರೆಲ್ಲ ಒಂದೇ ಧಾರೆಯಾಗಿ ಬೀಳುತ್ತದೆ. ಬಣ್ಣ ಜಾಸ್ತಿ ಉದುರಿದ್ದು ಸರಿಯಾಗಿ ಅದರ ಪಕ್ಕದ ಗೋಡೆಯಲ್ಲೇ. ಇನ್ನೊಂದು ವಿಷಯ. ಅಂಗಳಕ್ಕೆ ಮಣ್ಣು ಹಾಕಿಸಿ ಹಾಕಿಸಿ ಅದು ಎತ್ತರವಾಗಿದೆ. ಮೊದಲು ಪಂಚಾಂಗದ (ಗೋಡೆ ಕೆಳಗಿನ ಅಡಿಪಾಯದ ಕಟ್ಟಿನ) ಮೂರು ಸಾಲು ಕಲ್ಲು ಕಾಣುತ್ತಿತ್ತಂತೆ, ಈಗ ಒಂದೇ ಸಾಲು. ಬಲಗಡೆಯಂತೂ ಮಣ್ಣು ಗೋಡೆಗೇ ತಾಗಿದೆ.

ಶರಾವತಿ ಎಡದಂಡೆ

ಹೊನ್ನಾವರದಿಂದ ಬರೆಯುತ್ತಿದ್ದೇನೆ. ಕಲ್ಲುಕಟ್ಟುವ ಕೆಲಸದಲ್ಲೇ ಇಷ್ಟು ವರ್ಷ ಕಳೆದವನು. ನಿಮ್ಮ ಈ ಎರಡು ಸಾಲಿನಲ್ಲೇ ರೋಗ ಏನು ಅಂತ ಗೊತ್ತಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಚಿರೆಕಲ್ಲು ಗಣಿಯಿಂದ ಕಡಿಯುವಾಗ ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಅದಕ್ಕೆ ತೂತು ಜಾಸ್ತಿ. ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಹೀರುವುದು, ಬಿಡುವುದು ಎರಡೂ ನಡೆಯುತ್ತಿದ್ದರೆ ಗೋಡೆ ನೂರು ವರ್ಷ ನಿಲ್ಲುತ್ತದೆ. ನಾವು ಮಾಡುವ ತಪ್ಪು ಏನೆಂದರೆ ಹೀರುವ ದಾರಿ ಹಾಗೇ ಬಿಟ್ಟು, ಬಿಡುವ ದಾರಿ ಮುಚ್ಚುವುದು. ಕೆಳಗಿನಿಂದ ಹಸಿ ಮಣ್ಣು ತಾಗಿಕೊಂಡಿದೆ, ಗೋಡೆ ನೀರು ಎಳೆದುಕೊಳ್ಳುತ್ತದೆ. ಹೊರಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್‌ನಂಥ ಬಣ್ಣ. ನೀರಿನ ಜೊತೆ ಉಪ್ಪೂ ಮೇಲೆ ಬರುತ್ತದೆ. ಬಣ್ಣ ಉದುರಿದ ಜಾಗಕ್ಕೆ ಬೆರಳು ತಾಗಿಸಿ ನೋಡಿ. ಬೆಳ್ಳಗೆ ಪುಡಿ ಅಂಟಿದರೆ ಅದು ಗೋಡೆಯಿಂದ ಹೊರಬಂದ ಉಪ್ಪು.

ಹಾಗಾಗಿ ಮೊದಲ ಖರ್ಚು ಹಾರೆ, ಬುಟ್ಟಿ ಮತ್ತು ಇಬ್ಬರು ಆಳಿನದು. ಮಳೆ ಮುಗಿದ ಮೇಲೆ ಗೋಡೆ ಪಕ್ಕದ ಮಣ್ಣು ತೆಗೆಸಿ, ಪಂಚಾಂಗದ ಮೂರೂ ಸಾಲು ಮತ್ತೆ ಕಾಣಲಿ. ಅಂಗಳದ ಇಳಿಜಾರು ಮನೆಯಿಂದ ಹೊರಕ್ಕೆ ಇರಲಿ. ಸೂರಿನ ನೀರು ಬೀಳುವ ಗೆರೆಯ ಉದ್ದಕ್ಕೂ ಎರಡಡಿ ಅಗಲ ಜಲ್ಲಿ ಹಾಸಿ. ನೀರು ಜಲ್ಲಿ ಮೇಲೆ ಬಿದ್ದರೆ ಮಣ್ಣು ಸಿಡಿಯುವುದಿಲ್ಲ, ಪಾಚಿಯೂ ಕಡಿಮೆ. ನೋಡಲೂ ಅಚ್ಚುಕಟ್ಟು. ಎಡಮೂಲೆಯ ಧಾರೆಗೆ ಒಂದು ದೋಣಿ (ಮಾಡಿನ ನೀರು ಹಿಡಿಯುವ ಕಾಲುವೆ) ಕೊಟ್ಟು ಪೈಪಿನಲ್ಲಿ ಇಳಿಸಿ ದೂರ ಬಿಡಿ. ಮೊದಲೆಲ್ಲ ಅಡಿಕೆ ಮರದ ದಂಬೆ ಇಡುತ್ತಿದ್ದರು, ಈಗ ಪಿವಿಸಿ ಸಿಗುತ್ತದೆ.

ಕ್ಲಾಡಿಂಗ್ ಬೇಡ. ಎರಚಲು ಹೊಡೆಯುವ ಗೋಡೆಗೆ ಕಲ್ಲಿನ ಬಿಲ್ಲೆ ಅಂಟಿಸಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ, ಹಿಂದೆ ಸಿಕ್ಕಿಬೀಳುತ್ತದೆ. ಒಳಗೆ ನಿಜವಾದ ಕಲ್ಲೇ ಇರುವಾಗ ಹೊರಗೆ ಅಂಟಿಸಿದ ಕಲ್ಲು ಯಾಕೆ? ಹಾಳಾದ ಪ್ಲಾಸ್ಟರ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಂಥ ಕಡೆ ಮಾತ್ರ ಕಿತ್ತು ನೋಡಿ. ಒಳಗಿನ ಕಲ್ಲು ಗಟ್ಟಿ ಇದ್ದು ಸಾಲು ನೇರ ಇದ್ದರೆ ಜಗಲಿಯ ಒಳಗೋಡೆಯನ್ನಾದರೂ ಹಾಗೇ ಕಲ್ಲಾಗಿ ಬಿಡಬಹುದು, ಅಲ್ಲಿಗೆ ಮಳೆ ತಾಗುವುದಿಲ್ಲ. ಸಂದಿಗೆ ಸುಣ್ಣ ಬೆರೆಸಿದ ಗಾರೆ ತುಂಬಿಸಿ. ಮೇಲೆ ಹೊಳೆಯುವ ವಾರ್ನಿಶ್ ಬಳಿಯಬೇಡಿ, ಅದೂ ಗೋಡೆಯ ಉಸಿರು ಕಟ್ಟಿಸುತ್ತದೆ. ಮಳೆ ತಾಗುವ ಕಡೆಯೂ ಕಲ್ಲು ಬಿಟ್ಟರೆ ಕಲ್ಲಿನೊಳಗೆ ಇಳಿದು ನೀರು ಹೀರದಂತೆ ತಡೆಯುವ ಸಿಲೋಕ್ಸೇನ್ ದ್ರಾವಣ ಸಿಗುತ್ತದೆ. ಅದು ಪೊರೆ ಕಟ್ಟುವುದಿಲ್ಲ.

ಭಟ್ಕಳ ಪೇಟೆ

ನೀವೆಲ್ಲ ಹಳೆಯದೇ ಒಳ್ಳೆಯದು ಅನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಮಣ್ಣಿನ ಅಂಗಳವನ್ನು ಪ್ರತಿ ವರ್ಷ ಕೆತ್ತಿ, ಬಡಿದು, ಸಗಣಿ ಸಾರಿಸುವವರು ಯಾರು? ವಯಸ್ಸಾದ ತಾಯಿ ಒಬ್ಬರೇ ಇರುವ ಮನೆ ಅದು. ನಮ್ಮ ಮನೆಯಲ್ಲಿ ಇಂಟರ್‌ಲಾಕ್ ಹಾಕಿಸಿದ ಮೇಲೆ ಅಮ್ಮನಿಗೆ ಅರ್ಧ ಕೆಲಸ ಕಡಿಮೆ ಆಯಿತು. ಕೆಸರು ಜಗಲಿಗೆ ಬರುವುದಿಲ್ಲ. ಕಾರು ನಿಲ್ಲಿಸಬಹುದು. ಚಂದ ಅನ್ನುವುದು ಅಲ್ಲಿರುವವರ ಕೈಗೆ ನಿಲುಕಬೇಕು.

ಶರಾವತಿ ಎಡದಂಡೆ

ಭಟ್ಕಳದವರೇ, ನಿಮ್ಮ ಮಾತಿಗೆ ಬೆಲೆ ಇದೆ. ತಾಯಿಯ ಕೆಲಸ ಹೆಚ್ಚಾಗುವ ಯಾವ ಚಂದವೂ ಬೇಡ. ನನ್ನ ತಕರಾರು ಅಂಗಳಕ್ಕೆಲ್ಲ ಹಾಸುವುದಕ್ಕೆ ಮಾತ್ರ.

ಲೆಕ್ಕ ನೋಡಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. 1000 ಚದರಡಿ ಅಂಗಳ ಅಂದರೆ 93 ಚದರ ಮೀಟರ್. ಅಷ್ಟರ ಮೇಲೆ ಬೀಳುವ ನೀರೇ 2.8 ಲಕ್ಷ ಲೀಟರ್ ಆಗುತ್ತದೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡಿನ ನೀರು ಬೇರೆ. ಮಣ್ಣಾದರೆ ಒಂದಷ್ಟು ಇಂಗುತ್ತದೆ. ಸಿಮೆಂಟ್ ಬೆಡ್ ಹಾಕಿ ಮೇಲೆ ಇಂಟರ್‌ಲಾಕ್ ಜೋಡಿಸಿದರೆ ಅಷ್ಟೂ ನೀರು ಹರಿದೇ ಹೋಗಬೇಕು. ಹೋಗುವ ದಾರಿ ಇಲ್ಲದಿದ್ದರೆ ಗೋಡೆ ಬುಡಕ್ಕೇ ಬರುತ್ತದೆ. ಬಾವಿಗೂ ನಷ್ಟ.

ಇವರ ಅಂಗಳ ಈಗಾಗಲೇ ಎತ್ತರವಾಗಿದೆ. ಅದರ ಮೇಲೇ ಇನ್ನೂ ಅರ್ಧ ಅಡಿ ಏರಿಸಿದರೆ ನೀರು ಜಗಲಿಗೆ ಬರುತ್ತದೆ. ಮಣ್ಣು ತೆಗೆಸಿದ ಮೇಲೆ ಗೇಟಿನಿಂದ ಮೆಟ್ಟಿಲವರೆಗೆ ಐದಡಿ ಅಗಲದ ದಾರಿಗೆ, ತುಳಸಿಕಟ್ಟೆಯ ಸುತ್ತ, ಬಟ್ಟೆ ಒಣಗಿಸುವ ಕಡೆಗೆ ಮರಳಿನ ಹಾಸಿನ ಮೇಲೆ ಇಂಟರ್‌ಲಾಕ್ ಜೋಡಿಸಲಿ. ಆಯಿ ನಡೆದಾಡುವ ಜಾಗ ಅಷ್ಟೇ ತಾನೇ. ಕಾರಿಗೆ ಎರಡು ಚಕ್ರದ ಪಟ್ಟಿ ಸಾಕು. ಉಳಿದದ್ದು ಮಣ್ಣು, ಹುಲ್ಲು, ಗಿಡ.

ಭಟ್ಕಳ ಪೇಟೆ

ಹೀಗಾದರೆ ನನ್ನದೂ ಒಪ್ಪಿಗೆ. ಒಂದು ಸೇರಿಸುತ್ತೇನೆ. ಜುಲೈ ಹೊತ್ತಿಗೆ ಇಂಟರ್‌ಲಾಕ್ ಮೇಲೂ ಪಾಚಿ ಕಟ್ಟಿ ಜಾರುತ್ತದೆ. ತಿಂಗಳಿಗೊಮ್ಮೆ ಗಟ್ಟಿ ಪೊರಕೆಯಲ್ಲಿ ಉಜ್ಜಲೇಬೇಕು. ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಮಾತ್ರ ಹಾಕಿಸಬೇಡಿ. ಹೊಳಪಿಗೆ ಆಸೆಪಟ್ಟು ಹಾಕಿಸುತ್ತಾರೆ, ಮಳೆಯಲ್ಲಿ ಕಾಲಿಟ್ಟರೆ ಬೀಳುವುದೇ. ಒರಟು ಕಲ್ಲು ಅಥವಾ ಮೇಲ್ಮೈ ಸುಟ್ಟು ಒರಟು ಮಾಡಿದ ಗ್ರಾನೈಟ್ ಇರಲಿ. ಒಂದು ಕಡೆ ಹಿಡಿದುಕೊಳ್ಳಲು ಕೈಗಂಬಿ ಕೊಡಿ.

ಬೈತಖೋಲ ಬಂದರು

ಗ್ರಿಲ್, ಗೇಟಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ವೆಲ್ಡಿಂಗ್ ಮಾಡುವವನು, ದೋಣಿ ಕೆಲಸವೂ ಮಾಡುತ್ತೇನೆ. ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಅಂತ ದಿನಾ ನೋಡುತ್ತೇನೆ.

ಈಗ ಎಲ್ಲರೂ ಚೌಕ ಪೈಪಿನ ಗೇಟು ಮಾಡಿಸುತ್ತಾರೆ. ಒಳಗೆ ಟೊಳ್ಳು. ಹೊರಗೆ ಎಷ್ಟೇ ಬಣ್ಣ ಬಳಿದರೂ ಪೈಪಿನ ತುದಿ ಸರಿ ಮುಚ್ಚದಿದ್ದರೆ ತೇವ ಒಳಗೆ ಹೋಗಿ ಒಳಗಿಂದಲೇ ಕೊರೆಯುತ್ತದೆ. ಹೊರಗೆ ಕಾಣುವ ಹೊತ್ತಿಗೆ ಗೇಟು ಮುಗಿದಿರುತ್ತದೆ. ನಿಮ್ಮ ಅಪ್ಪ ಹಾಕಿಸಿದ ಗ್ರಿಲ್ ಗಟ್ಟಿ ಸರಳಿನದಾಗಿದ್ದರೆ ಬಿಸಾಡಬೇಡಿ. ಸಣ್ಣ ಸುತ್ತಿಗೆಯಿಂದ ಸರಳನ್ನು ಬುಡದಿಂದ ಮೇಲಿನವರೆಗೆ ತಟ್ಟುತ್ತಾ ಹೋಗಿ. ಟಣ್ ಅಂದರೆ ಜೀವ ಇದೆ. ಪದರ ಪದರವಾಗಿ ಉದುರಿದರೆ ಆ ತುಂಡು ಮಾತ್ರ ಕತ್ತರಿಸಿ ಹೊಸದು ಬೆಸೆಯಬಹುದು. ಹೆಚ್ಚಾಗಿ ಹಾಳಾಗುವುದು ಸರಳು ಗೋಡೆಗೆ, ಕಟ್ಟೆಗೆ ಸೇರುವ ಕಡೆ. ಅಲ್ಲಿ ನೀರು ನಿಲ್ಲುತ್ತದೆ.

ಬೇಸಿಗೆಯಲ್ಲಿ ವೈರ್ ಬ್ರಷ್‌ನಿಂದ ತುಕ್ಕು ಪೂರ್ತಿ ತೆಗೆದು, ಸಿಹಿನೀರಲ್ಲಿ ತೊಳೆದು ಒಣಗಿಸಿ, ಅದೇ ದಿನ ಜಿಂಕ್ ಇರುವ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ತೊಳೆಯದೆ ಹಚ್ಚಿದರೆ ಉಪ್ಪು ಬಣ್ಣದ ಅಡಿಯಲ್ಲೇ ಉಳಿದು ಮತ್ತೆ ತಿನ್ನುತ್ತದೆ. ಹೊಸ ಗೇಟು ಬೇಕೇ ಬೇಕು ಅಂದರೆ, ಪೂರ್ತಿ ಮಾಡಿ ಮುಗಿಸಿದ ಮೇಲೆ ಬಿಸಿ ಜಿಂಕ್‌ನಲ್ಲಿ ಅದ್ದಿ ತೆಗೆಸಿ. ಸ್ಟೀಲ್ ಬೇಕಾದರೆ, 304 ಅನ್ನುವ ದರ್ಜೆಯದು ಕಡಲ ಹತ್ತಿರ ಕಂದು ಚುಕ್ಕೆ ಹಿಡಿಯುತ್ತದೆ. 316ರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ತಡೆಯುತ್ತದೆ, ರೇಟು ಜಾಸ್ತಿ. ನಿಮ್ಮ ಬಜೆಟ್ಟಿಗೆ ಹಳೇ ಗ್ರಿಲ್ ಉಳಿಸುವುದೇ ಲಾಭ.

ಕಾಳಿ ದಂಡೆ

ಹಂಚು ತೆಗೆದು ನೀಲಿ ಶೀಟು ಹಾಕುವ ಮಾತು ಕೇಳಿ ಹೊಟ್ಟೆ ಉರಿಯಿತು. ರಸ್ತೆಯಿಂದ ನೋಡುವಾಗ ಹಂಚಿನ ಮನೆಯ ಅರ್ಧ ಅಂದವೇ ಆ ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಕರಾವಳಿಯ ಮನೆಗಳ ರೂಪವೇ ಬದಲಾಯಿತು. ನಿಮ್ಮ ಅಜ್ಜ ಹಾಕಿಸಿದ ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಡೆದದ್ದನ್ನು ಬದಲಿಸಿ, ಹಂಚಿನ ಅಡಿಯ ಮರದ ಪಕಾಸಿ, ರೀಪು ಕೊಳೆತಿದ್ದರೆ ಹೊಸದು ಹಾಕಿಸಿ. ಹಳೇ ಮನೆ ಕೆಡವುವ ಕಡೆ ಅದೇ ಅಳತೆಯ ಹಂಚು ಸಿಗುತ್ತದೆ. ಹಂಚಿಗೆ ಬಣ್ಣ ಬಳಿಯುವುದೂ ಬೇಡ. ಪಾಚಿ ಕೆರೆದು ತೆಗೆದರೆ ಸಾಕು, ಅದರ ಬಣ್ಣ ಅದಕ್ಕೇ ಇದೆ.

ಘಟ್ಟದ ಮೇಲೆ

ಗಿಡದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಅಂಗಳದ ತುಂಬಾ ಡೇಲಿಯಾ. ಹೆಂಗಸರೆಲ್ಲ ಗಡ್ಡೆ, ಕಡ್ಡಿ ಕೊಟ್ಟು ತೆಗೆದುಕೊಂಡು ಮಾಡುತ್ತೇವೆ. ಆದರೆ ಅದನ್ನು ಕಡಲ ಬದಿಗೆ ಒಯ್ದು ನೆಟ್ಟರೆ ಅಷ್ಟು ಚಂದ ಬರುವುದಿಲ್ಲ. ಅಲ್ಲಿಯ ಗಾಳಿಗೆ ಅಲ್ಲಿಯ ಗಿಡವೇ ಸರಿ.

ಗಾಳಿ ಬರುವ ದಿಕ್ಕಿಗೆ ಲಕ್ಕಿ ಬೇಲಿ ಮಾಡಿ. ಕಡ್ಡಿ ನೆಟ್ಟರೆ ಬದುಕುತ್ತದೆ, ದನ ಮುಟ್ಟುವುದಿಲ್ಲ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಅದರ ಮರೆಯಲ್ಲಿ ದಾಸವಾಳ, ಕೇಪಳ. ಕೇಪಳ ನಮ್ಮ ಗುಡ್ಡದ್ದೇ ಗಿಡ, ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಗೇಟಿನ ಪಕ್ಕ ಒಂದು ದೇವಕಣಗಿಲೆ. ಉಪ್ಪುಗಾಳಿ ತಡೆಯುತ್ತದೆ, ಎಲೆ ಉದುರಿದಾಗಲೂ ಅದರ ಕೊಂಬೆಯ ಆಕಾರ ಚಂದ. ಕಾಗದದ ಹೂವಿನ ಬಳ್ಳಿ ಪಾಗಾರದ ಮೇಲೆ ಬಿಟ್ಟರೆ ಬೇಸಿಗೆ ಪೂರ್ತಿ ಹೂ. ಆದರೆ ಗೋಡೆಗೆ, ಹಂಚಿಗೆ ತಾಗುವಂತೆ ಯಾವ ಬಳ್ಳಿಯನ್ನೂ ಹಬ್ಬಿಸಬೇಡಿ. ಗೋಡೆಯಿಂದ ಮೂರಡಿ ಬಿಟ್ಟೇ ನೆಡಿ. ಗಾಳಿ ಆಡಬೇಕು.

ಇದೆಲ್ಲ ಈಗಲೇ ನೆಡಬಹುದು. ಮಳೆಗಾಲದಲ್ಲಿ ಕಡ್ಡಿ ಬೇಗ ಬೇರು ಬಿಡುತ್ತದೆ, ಖರ್ಚೂ ಇಲ್ಲ. ಅಕ್ಕಪಕ್ಕದ ಮನೆಯಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕುಂಡದ ಕೆಳಗೆ ತಟ್ಟೆ ಇಡಬೇಡಿ, ನೀರು ನಿಂತು ಸೊಳ್ಳೆ.

ಸದಾಶಿವಗಡ

ಒಂದು ಚಿಕ್ಕ ವಿಷಯ. ಪಾಗಾರ ಕೆಡವಿ ಹೊಸದು ಕಟ್ಟುವ ಯೋಚನೆ ಇದ್ದರೆ ಮೊದಲು ಪಂಚಾಯ್ತಿಯಲ್ಲಿ ಕೇಳಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಸಮುದ್ರ ದಂಡೆಗೆ ಮಾತ್ರ ಅಲ್ಲ, ಉಬ್ಬರದ ನೀರು ಏರಿ ಬರುವ ಹೊಳೆಯ ದಂಡೆಗೂ ಇದೆ. ಗಂಗಾವಳಿ ಪಕ್ಕ ಅಂದಿರಿ, ಅದಕ್ಕೇ ಹೇಳಿದೆ. ಹೆದ್ದಾರಿ 66ರ ಬದಿಗಿದ್ದರೆ ಅದರ ಗಡಿಯನ್ನೂ ನೋಡಿಕೊಳ್ಳಿ. ಅಗಲೀಕರಣದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅಂಗಳ ಹೋಗಿದೆ.

ಗಂಗಾವಳಿ ತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ಹೆದ್ದಾರಿಯಿಂದ ಮನೆ ದೂರ ಇದೆ. ಪಾಗಾರ ಕೆಡವುವುದಿಲ್ಲ, ಗಟ್ಟಿಯಾಗಿದೆ, ತೊಳೆಸುತ್ತೇನೆ. ಕ್ಲಾಡಿಂಗ್, ಶೀಟು ಎರಡೂ ಬೇಡ ಅಂತ ಗುತ್ತಿಗೆದಾರರಿಗೆ ಹೇಳಿದೆ. ಮಣ್ಣು ತೆಗೆಯುವುದು, ಜಲ್ಲಿ, ದೋಣಿ ನವೆಂಬರ್‌ಗೆ. ಗ್ರಿಲ್ ಮತ್ತು ಬಣ್ಣ ಜನವರಿಗೆ.

ಆದರೆ ಆಯಿ ಕೇಳುತ್ತಿದ್ದಾರೆ, ಚೌತಿಗೆ ಏನೂ ಇಲ್ಲವಾ ಅಂತ. ಬಂದವರಿಗೆ ಮನೆ ನಗುತ್ತಿರುವ ಹಾಗೆ ಕಾಣಬೇಕು ಅನ್ನುತ್ತಾರೆ. ಪಾಚಿ ತೊಳೆಯಬಹುದಾ? ಮುಂಬಾಗಿಲು ಹಲಸಿನ ಮರದ್ದು, ಕಪ್ಪಾಗಿದೆ.

ಕಾಳಿ ದಂಡೆ

ಬೇಕಾದಷ್ಟು ಮಾಡಬಹುದು. ಪಾಚಿ ತೆಗೆಯಲು ಬ್ಲೀಚಿಂಗ್ ಪೌಡರನ್ನು ನೀರಲ್ಲಿ ಕದಡಿ, ತಿಳಿಯನ್ನು ಗೋಡೆಗೆ ಹಚ್ಚಿ. ಸ್ವಲ್ಪ ಹೊತ್ತು ಬಿಟ್ಟು ನಾರಿನ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಮಳೆ ಬಿಟ್ಟ ಬೆಳಿಗ್ಗೆ ಮಾಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ತುಳಸಿ, ಗಿಡಗಳ ಮೇಲೆ ಬೀಳದ ಹಾಗೆ ಮುಚ್ಚಿ. ಮೆಟ್ಟಿಲಿಗೆ ಆಸಿಡ್ ಹಾಕುವ ಅಭ್ಯಾಸ ಕೆಲವರಿಗಿದೆ. ಬ್ಲೀಚಿಂಗ್ ಜೊತೆ ಆಸಿಡ್ ಸೇರಿದರೆ ವಿಷದ ಗಾಳಿ ಬರುತ್ತದೆ, ಜೀವಕ್ಕೇ ಅಪಾಯ. ಎರಡನ್ನೂ ಒಂದೇ ದಿನ ತೆಗೆಯಲೇಬೇಡಿ. ಜೋರಾಗಿ ನೀರು ಹೊಡೆಯುವ ಮಷಿನ್ ಚಿರೆಕಲ್ಲಿಗೆ ಬೇಡ, ಸಂದಿಯ ಗಾರೆ ಕಿತ್ತುಬರುತ್ತದೆ.

ಬಾಗಿಲು ಜಗಲಿಯ ಒಳಗಿದೆ, ಮಳೆ ತಾಗುವುದಿಲ್ಲ. ಸೋಪಿನ ನೀರಲ್ಲಿ ಒರೆಸಿ, ಎರಡು ದಿನ ಫ್ಯಾನ್ ಹಾಕಿ ಒಣಗಿಸಿ, ಬೇಯಿಸಿದ ಅಗಸೆ ಎಣ್ಣೆ ತೆಳ್ಳಗೆ ಬಟ್ಟೆಯಲ್ಲಿ ಹಚ್ಚಿ ಒರೆಸಿಬಿಡಿ. ಹಲಸಿನ ಹಳದಿ ಛಾಯೆ ಮತ್ತೆ ಬರುತ್ತದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತಾನಾಗಿ ಬೆಂಕಿ ಹಿಡಿಯುವುದುಂಟು. ಬಿಡಿಸಿ ಹೊರಗೆ ಹರವಿ ಒಣಗಿಸಿ. ಪಕಾಸಿಗೆ ಗೆದ್ದಲು ಬರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ನಮ್ಮ ಕಡೆ ರೂಢಿ. ಅದು ಬೇಸಿಗೆಗೆ ಇರಲಿ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಘಟ್ಟದ ಮೇಲೆ

ಜಗಲಿಗೆ ಬಿಳಿ ಟ್ಯೂಬ್‌ಲೈಟ್ ಇದ್ದರೆ ತೆಗೆದು ಹಳದಿ ಬೆಳಕಿನ ಬಲ್ಬ್ ಎರಡು ಹಾಕಿಸಿ. ಡಬ್ಬಿ ಮೇಲೆ 2700 ಅಥವಾ 3000 ಕೆ ಅಂತ ಬರೆದಿರುತ್ತದೆ. ಹಂಚು, ಚಿರೆಕಲ್ಲು, ಮರ ಮೂರೂ ಆ ಬೆಳಕಿಗೆ ಬೆಚ್ಚಗೆ ಕಾಣುತ್ತವೆ. ಮಳೆ ಎರಚುವ ಕಡೆಯ ದೀಪಕ್ಕೆ ಐಪಿ 65 ಅನ್ನುವ, ನೀರು ಧೂಳು ತಡೆಯುವ ಗುರುತು ನೋಡಿ ತನ್ನಿ. ಜಗಲಿಯಲ್ಲಿ ಪೇರಿಸಿಟ್ಟ ಹಳೇ ಸಾಮಾನು, ಗೋಣಿಚೀಲ, ಒಡೆದ ಕುರ್ಚಿ ಎಲ್ಲ ಹಿಂದೆ ಸಾಗಿಸಿ. ಗ್ರಿಲ್‌ಗೆ ನೇತುಹಾಕಿದ ಪ್ಲಾಸ್ಟಿಕ್ ಹಾಳೆಯ ಬದಲು ಹೊಸ ಹೆಣೆದ ತಟ್ಟಿ ಕಟ್ಟಿಸಿ. ಗೇಟಿನಿಂದ ಮೆಟ್ಟಿಲವರೆಗೆ ಈ ವರ್ಷಕ್ಕೆ ಅಡಿಕೆ ಸೋಗೆ ಹಾಸಿ, ಬಂದವರ ಕಾಲಿಗೆ ಕೆಸರಾಗುವುದಿಲ್ಲ. ಬಾಗಿಲಿಗೆ ಮಾವಿನ ತೋರಣ, ಒಳಗೆ ಗಣಪತಿಯ ಮೇಲೆ ಹಣ್ಣುಕಾಯಿ ಕಟ್ಟುವ ಫಲಾವಳಿ ಹೇಗೂ ಆಯಿ ಕಟ್ಟಿಸುತ್ತಾರೆ.

ಗಂಗಾವಳಿ ತೀರ

ಇಷ್ಟು ಖಂಡಿತ ಆಗುತ್ತದೆ. ಶನಿವಾರ ಹೋಗಿ ಪಾಚಿ ತೊಳೆಯುವುದರಿಂದ ಶುರು ಮಾಡುತ್ತೇನೆ. ಕೇಪಳದ ಗಿಡ ಪಕ್ಕದ ಮನೆ ದೊಡ್ಡಮ್ಮ ಕೊಡುತ್ತಾರಂತೆ. ಬೈತಖೋಲದ ಅಣ್ಣಾ, ನೀವು ಹೇಳಿದ ಹಾಗೆ ಗ್ರಿಲ್ ತಟ್ಟಿ ನೋಡಿ ಕಟ್ಟೆಯ ಹತ್ತಿರದ ಫೋಟೋ ಇಲ್ಲೇ ಹಾಕುತ್ತೇನೆ. ಎಷ್ಟು ಸರಳು ಬದಲಿಸಬೇಕು ಅಂತ ಹೇಳಿ.

ಬೈತಖೋಲ ಬಂದರು

ಹಾಕಿ ತಮ್ಮಾ. ಫೋಟೋದಲ್ಲಿ ಸರಳಿನ ಪಕ್ಕ ಒಂದು ಸ್ಕೇಲ್ ಹಿಡಿದಿರಿ, ದಪ್ಪ ಗೊತ್ತಾಗುತ್ತದೆ. ಕಟ್ಟೆಯಲ್ಲಿ ಹೂತ ಭಾಗದ ಸುತ್ತ ನೀರು ನಿಲ್ಲುತ್ತಿದೆಯಾ ಅಂತ ಮಳೆ ಬರುವಾಗಲೇ ನೋಡಿ ಬರೆಯಿರಿ. ಅಲ್ಲಿ ಸಿಮೆಂಟಿನಿಂದ ಸಣ್ಣ ಇಳಿಜಾರು ಮಾಡಿದರೆ ಬುಡ ಉಳಿಯುತ್ತದೆ.